ಯುದ್ಧದ ಬಿಲ್ಲು ಯಾರ ಹೆಸರಿಗೆ?

2001ರ ಬೇಸಿಗೆಯಲ್ಲಿ ನಾನು ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೆ. ಜುಲೈ ತಿಂಗಳಲ್ಲಿ ಒಂದು ದಿನ ತೆರಿಗೆ ಇಲಾಖೆಯಿಂದ ಕಾಗದ ಬಂತು. ಅಂಥ ಕಾಗದ ಬಂದರೆ ಯಾವ ದೇಶದಲ್ಲಾದರೂ ಎದೆ ಸ್ವಲ್ಪ ಡವಡವ ಅನ್ನುತ್ತದೆ, ಅಲ್ವಾ? ಒಡೆದು ನೋಡಿದರೆ ‘ನಿಮಗೆ ತಿಳಿಸಲು ಸಂತೋಷವಾಗುತ್ತದೆ’ ಅಂತ ಶುರುವಾಗಿತ್ತು. ಸಂಸತ್ತು ಹೊಸ ತೆರಿಗೆ ಕಾನೂನು ಪಾಸು ಮಾಡಿದೆ, ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ್ದಾರೆ, ನಿಮಗೆ ಚೆಕ್ ಬರುತ್ತದೆ ಅಂತ ಬರೆದಿತ್ತು. ಒಬ್ಬರೇ ಇದ್ದರೆ 300 ಡಾಲರ್‌ವರೆಗೆ, ಗಂಡ ಹೆಂಡತಿಗೆ 600ರವರೆಗೆ. ಚೆಕ್ ಬಂದದ್ದು ಆಮೇಲೆ. ಚೆಕ್ ಬರುತ್ತದೆ ಅಂತ ಹೇಳುವುದಕ್ಕೇ ಈ ಕಾಗದ.

ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಅದನ್ನು ಮುಂದಿಟ್ಟುಕೊಂಡೇ ಮಾತಾಡುತ್ತೇನೆ. ಯಾಕೆ ಅಂದರೆ ಅದು ಬಂದು ಎರಡು ವರ್ಷ ತುಂಬುವುದರೊಳಗೆ ಅದೇ ಸರ್ಕಾರ ಇರಾಕಿನ ಮೇಲೆ ಯುದ್ಧಕ್ಕೆ ಹೋಯಿತು. ಯುದ್ಧ ಶುರುವಾದ ವಾರದಲ್ಲೇ ಇನ್ನೊಂದು ತೆರಿಗೆ ಕಡಿತಕ್ಕೆ ಮತ ಹಾಕಿಸಿತು. ಯುದ್ಧದ ಬಗ್ಗೆ ಜಗಳ ನಡೆಯಿತು. ತೆರಿಗೆ ಬಗ್ಗೆಯೂ ಜಗಳ ನಡೆಯಿತು. ಆದರೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ‘ಈ ಯುದ್ಧದ ದುಡ್ಡು ಯಾರು ಕೊಡುತ್ತಾರೆ?’ ಅಂತ ಜನರನ್ನು ಕೇಳಿದವರು ತೀರಾ ಕಡಿಮೆ. ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಮೊದಲು ಆ ಚೆಕ್ಕಿನ ದುಡ್ಡು ಎಲ್ಲಿಂದ ಬಂತು ನೋಡೋಣ. 2000ನೇ ಸಾಲಿನಲ್ಲಿ ಅಮೆರಿಕದ ಸರ್ಕಾರಕ್ಕೆ ಖರ್ಚೆಲ್ಲ ಕಳೆದು 23,600 ಕೋಟಿ ಡಾಲರ್ ಉಳಿದಿತ್ತು. 2001ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಒಂದು ಅಂದಾಜು ಕೊಟ್ಟಿತು. ಮುಂದಿನ ಹತ್ತು ವರ್ಷದಲ್ಲಿ ಒಟ್ಟು 5.6 ಲಕ್ಷ ಕೋಟಿ ಡಾಲರ್ ಉಳಿತಾಯ ಆಗುತ್ತದೆ ಅಂತ. ಬುಷ್ ಅವರ ವಾದ ಸರಳ: ಉಳಿದ ದುಡ್ಡು ಸರ್ಕಾರದ್ದಲ್ಲ, ಜನರದ್ದು, ಅವರಿಗೇ ವಾಪಸ್ ಕೊಡೋಣ. ಈ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ವಿರೋಧಿಗಳ ಆಕ್ಷೇಪ ಬೇರೆ. ಆ 5.6 ಲಕ್ಷ ಕೋಟಿ ಇನ್ನೂ ಕೈಗೆ ಬಂದಿಲ್ಲ, ಅದು ಕಾಗದದ ಮೇಲಿನ ಲೆಕ್ಕ. ಈ ಸಲ ಮಳೆ ಚೆನ್ನಾಗಿದೆ ಅಂತ ಪಂಚಾಂಗ ಹೇಳಿದ ಮಾತ್ರಕ್ಕೆ ಕಣಜದ ಕಾಳು ಬರಿದು ಮಾಡಬಾರದು ಅಂತ.

ಜೂನ್ 7ಕ್ಕೆ ಕಾನೂನು ಬಂತು. ಹತ್ತು ವರ್ಷಕ್ಕೆ 1.35 ಲಕ್ಷ ಕೋಟಿ ಡಾಲರಿನ ಕಡಿತ. ಅತಿ ಹೆಚ್ಚು ಸಂಪಾದಿಸುವವರ ತೆರಿಗೆ ದರ 39.6ರಿಂದ ಹಂತ ಹಂತವಾಗಿ 35ಕ್ಕೆ ಇಳಿಯಬೇಕು. ದೊಡ್ಡ ಆಸ್ತಿ ಬಿಟ್ಟು ಸತ್ತವರ ಮೇಲಿನ ತೆರಿಗೆ 2010ರ ಹೊತ್ತಿಗೆ ಪೂರ್ತಿ ಹೋಗಬೇಕು. ಆ ವರ್ಷ ಮುಗಿದ ಮೇಲೆ ಎಲ್ಲವೂ ಹಳೇ ದರಕ್ಕೇ ಮರಳಬೇಕು! ಹೀಗೇಕೆ ಅಂತ ನನಗೂ ಆಗ ಅರ್ಥ ಆಗಿರಲಿಲ್ಲ. ಬಜೆಟ್ ಮಸೂದೆಯನ್ನು ಅಲ್ಲಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಬರೀ ಬಹುಮತದಿಂದ ಪಾಸು ಮಾಡಿಕೊಳ್ಳುವ ಒಂದು ದಾರಿ ಇದೆ. ಆ ದಾರಿಯಲ್ಲಿ ಹೋದರೆ ಬಜೆಟ್ಟಿನ ಅವಧಿ ದಾಟಿದ ಮೇಲೆ ಕೊರತೆ ಬೆಳೆಸುವಂತಿಲ್ಲ ಅಂತ ನಿಯಮ. ಅದಕ್ಕೆ ಬರ್ಡ್ ನಿಯಮ ಅನ್ನುತ್ತಾರೆ, ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ ಅವರ ಹೆಸರಿನಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ಸೆಪ್ಟೆಂಬರ್ 11 ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಅವತ್ತಿನಿಂದ ದೇಶದ ಲೆಕ್ಕವೇ ಬದಲಾಯಿತು. ಆರ್ಥಿಕತೆ ಅದಕ್ಕೂ ಮುಂಚೆಯೇ ಕುಗ್ಗಿತ್ತು. ನನ್ನ ಜೊತೆ ಹೋಗಿದ್ದ ಎಷ್ಟೋ ಕನ್ನಡದ ಹುಡುಗರು ಕೆಲಸ ಕಳೆದುಕೊಂಡು ಬೆಂಗಳೂರಿಗೆ ವಾಪಸ್ ಬಂದರು. 2002ರಲ್ಲಿ ಸರ್ಕಾರದ ಖಾತೆಯಲ್ಲಿ ಉಳಿತಾಯ ಹೋಗಿ 15,800 ಕೋಟಿ ಡಾಲರ್ ಕೊರತೆ ಬಂತು. ಅದೇ ವರ್ಷ ಜನವರಿಯಲ್ಲಿ ಬುಷ್ ಇರಾಕ್, ಇರಾನ್, ಉತ್ತರ ಕೊರಿಯಾಗಳನ್ನು ಒಟ್ಟಿಗೆ ಸೇರಿಸಿ ‘ಕೇಡಿನ ಕೂಟ’ ಅಂತ ಕರೆದರು. ಬೇಸಿಗೆ ಕಳೆಯುವಷ್ಟರಲ್ಲಿ ಇರಾಕಿನ ಮೇಲೆ ಯುದ್ಧ ಆಗುತ್ತದೆ ಅಂತ ಎಲ್ಲರ ಬಾಯಲ್ಲೂ ಇತ್ತು.

ಆ ಚಳಿಗಾಲದ ರಾಜಕೀಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2002ರ ನವೆಂಬರ್ 5ಕ್ಕೆ ಸಂಸತ್ತಿನ ಚುನಾವಣೆ. ಅದಕ್ಕೆ ಮುಂಚೆ, ಅಕ್ಟೋಬರ್ ಎರಡನೇ ವಾರದಲ್ಲಿ, ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯ ಬಂತು. ಪ್ರತಿನಿಧಿ ಸಭೆಯಲ್ಲಿ 296ಕ್ಕೆ 133, ಸೆನೆಟ್ಟಿನಲ್ಲಿ 77ಕ್ಕೆ 23. ಹಿಲರಿ ಕ್ಲಿಂಟನ್, ಜಾನ್ ಕೆರಿ ಇಬ್ಬರೂ ಹೌದು ಅಂದರು. ಅವರದ್ದು ಬುಷ್‌ಗೆ ಎದುರಾಳಿಯಾದ ಡೆಮಾಕ್ರಟಿಕ್ ಪಕ್ಷ. ಅಲ್ಲಿ ಬಹಳ ಜನರ ಆಲೋಚನೆ ಹೀಗಿತ್ತು: ಯುದ್ಧದ ವಿಷಯ ಬೇಗ ಮುಗಿಸಿಬಿಡೋಣ, ಆಮೇಲೆ ಚುನಾವಣೆಯಲ್ಲಿ ಉದ್ಯೋಗ, ತೆರಿಗೆ, ಪಿಂಚಣಿ ಬಗ್ಗೆ ಮಾತಾಡೋಣ. ಯುದ್ಧವೂ ಮನೆಖರ್ಚಿನ ವಿಷಯವೇ ಅಂತ ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಹೇಳುವ ಧೈರ್ಯ ಬರಲಿಲ್ಲವೋ. ಚುನಾವಣೆಯಲ್ಲಿ ಸೋತರು. ಸೆನೆಟ್ ಕೈತಪ್ಪಿ ಹೋಯಿತು.

ಯುದ್ಧಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಯಾರೂ ಕೇಳಲೇ ಇಲ್ಲವೇ? ಕೇಳಿದರು. 2002ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಆರ್ಥಿಕ ಸಲಹೆಗಾರ ಲ್ಯಾರಿ ಲಿಂಡ್ಸೆ ಪತ್ರಿಕೆಯೊಂದಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕೋಟಿ ಡಾಲರ್ ಆಗಬಹುದು ಅಂದರು. ಅವರು ಯುದ್ಧದ ವಿರೋಧಿಯಲ್ಲ. 2001ರ ತೆರಿಗೆ ಕಡಿತ ರೂಪಿಸಿದವರಲ್ಲಿ ಅವರೇ ಮುಖ್ಯರು. ಅಷ್ಟು ಖರ್ಚನ್ನು ದೇಶ ತಡೆದುಕೊಳ್ಳುತ್ತದೆ ಅಂತಲೇ ಅವರು ಹೇಳಿದ್ದು. ಆದರೂ ಶ್ವೇತಭವನಕ್ಕೆ ಆ ಅಂಕಿ ಹಿಡಿಸಲಿಲ್ಲ. ಇನ್ನೊಂದು ಕಡೆ ಖಜಾನೆ ಮಂತ್ರಿ ಪಾಲ್ ಓನೀಲ್. ಇನ್ನೊಂದು ತೆರಿಗೆ ಕಡಿತ ಈಗ ಬೇಡ, ಕೊರತೆ ಬೆಳೆಯುತ್ತಿದೆ ಅಂತ ಅವರ ವಾದ. ಡಿಸೆಂಬರ್ 6ಕ್ಕೆ ಇಬ್ಬರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಕಾರಣ ಇದೊಂದೇ ಅಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಒಬ್ಬರು ಯುದ್ಧದ ಬೆಲೆ ಹೇಳಿದವರು, ಇನ್ನೊಬ್ಬರು ತೆರಿಗೆ ಕಡಿತದ ಬೆಲೆ ಹೇಳಿದವರು. ಉಳಿದವರಿಗೆ ಇದರಿಂದ ಏನು ಅರ್ಥ ಆಗಿರಬೇಕು, ನೀವೇ ಯೋಚಿಸಿ. ಆ ತಿಂಗಳ ಕೊನೆಗೆ ಶ್ವೇತಭವನದ ಬಜೆಟ್ ಕಚೇರಿಯ ಮುಖ್ಯಸ್ಥ ಮಿಚ್ ಡೇನಿಯಲ್ಸ್ ಹೊಸ ಅಂಕಿ ಕೊಟ್ಟರು: ಐದರಿಂದ ಆರು ಸಾವಿರ ಕೋಟಿ.

ಮರುವಾರ, 2003ರ ಜನವರಿ 7ಕ್ಕೆ, ಬುಷ್ ಶಿಕಾಗೋದಲ್ಲಿ ಎರಡನೇ ತೆರಿಗೆ ಯೋಜನೆ ಮುಂದಿಟ್ಟರು. ಹತ್ತು ವರ್ಷಕ್ಕೆ 67,400 ಕೋಟಿ ಡಾಲರ್. ಅದರ ನಡುಗಂಬ ಡಿವಿಡೆಂಡ್ ಮೇಲಿನ ತೆರಿಗೆ ತೆಗೆಯುವುದು. ಕಂಪನಿ ಲಾಭದ ಮೇಲೆ ಒಮ್ಮೆ ತೆರಿಗೆ ಕಟ್ಟುತ್ತದೆ, ಅದೇ ಲಾಭ ಷೇರುದಾರನಿಗೆ ಹೋದಾಗ ಅವನೂ ಕಟ್ಟುತ್ತಾನೆ, ಇದು ಎರಡು ಸಲ ಆಯಿತಲ್ಲ ಅಂತ ಅವರ ವಾದ. ಈ ಜಗಳ ನಮ್ಮ ದೇಶದಲ್ಲೂ ನಡೆದಿದೆ. ಅಲ್ಲಿ ವಿರೋಧಿಗಳು ಕೇಳಿದ್ದು, ಡಿವಿಡೆಂಡ್ ಬರುವುದು ಯಾರಿಗೆ ಅಂತ. ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ದುಡಿಯುವವಳಿಗೆ ಎಷ್ಟು ಷೇರು ಇರುತ್ತದೆ? ಹಾಗೆ ಕೇಳಿದವರಿಗೆಲ್ಲ ‘ವರ್ಗ ಯುದ್ಧ ಮಾಡುತ್ತಿದ್ದೀರಿ’ ಅನ್ನುವ ಉತ್ತರ ಸಿದ್ಧವಾಗಿತ್ತು. ಫೆಬ್ರವರಿಯಲ್ಲಿ 400ಕ್ಕೂ ಜಾಸ್ತಿ ಅರ್ಥಶಾಸ್ತ್ರಜ್ಞರು ಈ ಯೋಜನೆ ಬೇಡ ಅಂತ ಹೇಳಿಕೆಗೆ ಸಹಿ ಹಾಕಿದರು. ಅವರಲ್ಲಿ ಹತ್ತು ಜನ ನೊಬೆಲ್ ಪಡೆದವರು.

ಜನವರಿ 28ರ ಭಾಷಣವನ್ನು ನಾನು ಟಿವಿಯಲ್ಲಿ ನೋಡಿದೆ. ವರ್ಷಕ್ಕೊಮ್ಮೆ ಅಧ್ಯಕ್ಷರು ಎರಡೂ ಸದನಗಳ ಮುಂದೆ ಮಾಡುವ ಭಾಷಣ ಅದು. ಶುರುವಿನಲ್ಲೇ ಒಂದು ಮಾತು ಹೇಳಿದರು: ನಮ್ಮ ಸಮಸ್ಯೆಗಳನ್ನು ಬೇರೆ ಸಂಸತ್ತಿಗೆ, ಬೇರೆ ಅಧ್ಯಕ್ಷರಿಗೆ, ಮುಂದಿನ ತಲೆಮಾರಿಗೆ ದಾಟಿಸುವುದಿಲ್ಲ ಅಂತ. ಆಮೇಲೆ ತೆರಿಗೆ ಕಡಿತದ ಮಾತು ಬಂತು. ಭಾಷಣದ ಕೊನೆ ಭಾಗದಲ್ಲಿ ಇರಾಕ್ ಬಂತು, ಇರಾಕಿನವರು ಆಫ್ರಿಕಾದಿಂದ ಯುರೇನಿಯಂ ತರಲು ಹೊರಟಿದ್ದರು ಅನ್ನುವ, ಆಮೇಲೆ ಆಧಾರವಿಲ್ಲ ಅಂತ ಗೊತ್ತಾದ, ಆ ಮಾತೂ ಬಂತು. ಒಂದೇ ಭಾಷಣ. ತೆರಿಗೆಯ ಭಾಗದಲ್ಲಿ ಯುದ್ಧದ ಖರ್ಚಿಲ್ಲ. ಯುದ್ಧದ ಭಾಗದಲ್ಲಿ ತೆರಿಗೆ ಇಲ್ಲ. ಎರಡರ ನಡುವೆ ಗೋಡೆ ಕಟ್ಟಿದ ಹಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಆಗ ನನ್ನ ಮನೆ ಫೋನಿನ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಒಂದು ಸಾಲು ಬರುತ್ತಿತ್ತು, ಕೇಂದ್ರ ತೆರಿಗೆ ಶೇಕಡಾ 3 ಅಂತ. ಏನಿದು ಅಂತ ಹುಡುಕಿದೆ. ಆ ತೆರಿಗೆ ಮೊದಲು ಹುಟ್ಟಿದ್ದು 1898ರಲ್ಲಿ, ಸ್ಪೇನ್ ಜೊತೆಗಿನ ಯುದ್ಧದ ಖರ್ಚಿಗೆ! ಆಗ ಫೋನು ಉಳ್ಳವರ ಮನೆಯ ವಸ್ತು. ನಡುವೆ ತೆಗೆದರು, ಮೊದಲ ಮಹಾಯುದ್ಧದ ಕಾಲಕ್ಕೆ ಮತ್ತೆ ತಂದರು. ಹೀಗೆ ಬೇರೆ ಬೇರೆ ರೂಪದಲ್ಲಿ ಉಳಿದುಕೊಂಡು ನನ್ನ ಬಿಲ್ಲಿನವರೆಗೂ ಬಂದಿತ್ತು. ಅಮೆರಿಕದ ಪದ್ಧತಿಯೇ ಅದು. ಮೊದಲ ಆದಾಯ ತೆರಿಗೆ ಬಂದದ್ದು ಅಂತರ್ಯುದ್ಧದ ಕಾಲದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅತಿ ಮೇಲಿನ ದರ ಶೇಕಡಾ 94ಕ್ಕೆ ಹೋಯಿತು. ಸಂಬಳದಿಂದಲೇ ತೆರಿಗೆ ಹಿಡಿಯುವುದು 1943ರಲ್ಲಿ ಬಂತು. ಅದಕ್ಕೆ ಮುಂಚೆ ತೆರಿಗೆ ಕಟ್ಟಿಯೇ ಗೊತ್ತಿಲ್ಲದ ಕೋಟ್ಯಂತರ ಜನರಿಂದ ಕಟ್ಟಿಸಬೇಕಲ್ಲ? ಖಜಾನೆ ಇಲಾಖೆ ಡಿಸ್ನಿಯವರಿಂದ ಒಂದು ಚಿಕ್ಕ ಚಿತ್ರ ಮಾಡಿಸಿತು. ಡೊನಾಲ್ಡ್ ಡಕ್ ಮೇಜಿನ ಮುಂದೆ ಕುಳಿತು ತೆರಿಗೆ ಫಾರಂ ತುಂಬುತ್ತಾನೆ. ದೇಶದ ಚಿತ್ರಮಂದಿರಗಳಲ್ಲೆಲ್ಲ ತೋರಿಸಿದರು.

ವಿಯೆಟ್ನಾಂ ಕಾಲದ ಪಾಠ ಇನ್ನೂ ಸ್ಪಷ್ಟ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ತೆರಿಗೆ ಕೇಳಲು ತುಂಬಾ ಹಿಂಜರಿದರು. ಕೇಳಿದರೆ ಬಡವರಿಗಾಗಿ ತಾನು ತಂದ ಯೋಜನೆಗಳಿಗೆ ಸಂಸತ್ತು ಕತ್ತರಿ ಹಾಕುತ್ತದೆ ಅಂತ ಭಯ. ಕೊನೆಗೆ 1968ರಲ್ಲಿ ಶೇಕಡಾ 10ರ ಹೆಚ್ಚುವರಿ ತೆರಿಗೆ ಬಂತು. ಜನರ ಜೇಬಿಗೆ ಕೈ ಹಾಕಿದಾಗ ಜನ ಯುದ್ಧ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ತೆರಿಗೆ ಅನ್ನುವುದು ಬರೀ ದುಡ್ಡಲ್ಲ. ‘ನಿಮಗೆ ಇದು ಒಪ್ಪಿಗೆಯಾ?’ ಅಂತ ಸರ್ಕಾರ ಮನೆ ಮನೆಗೆ ಬಂದು ಕೇಳಿದ ಹಾಗೆ.

ನಮ್ಮಲ್ಲೂ ಇತ್ತು. ನಮ್ಮಜ್ಜಿಯ ಟ್ರಂಕಿನಲ್ಲಿ 1972ರ ಒಂದು ಕವರ್ ಇದೆ. ಅದರ ಮೇಲೆ ಮಾಮೂಲಿ ಅಂಚೆಚೀಟಿಯ ಪಕ್ಕದಲ್ಲಿ ಐದು ಪೈಸೆಯ ಇನ್ನೊಂದು ಪುಟ್ಟ ಚೀಟಿ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಬಂದಿದ್ದರಲ್ಲ, ಅವರ ನೆರವಿಗೆ 1971ರ ನವೆಂಬರಿನಿಂದ ಕಾಗದಕ್ಕೆ ಐದು ಪೈಸೆ ಜಾಸ್ತಿ ತೆಗೆದುಕೊಳ್ಳುತ್ತಿದ್ದರು. ಹೊಸ ಚೀಟಿ ಅಚ್ಚಾಗುವವರೆಗೂ ಕಾಯಲಿಲ್ಲ. ಕುಟುಂಬ ಯೋಜನೆಯ ಚೀಟಿಯ ಮೇಲೆಯೇ ‘ನಿರಾಶ್ರಿತರ ನೆರವು’ ಅಂತ ಒತ್ತಿ ಮಾರಿದರು. ಅಜ್ಜಿಗೆ ಢಾಕಾ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಆದರೆ ಮಗನಿಗೆ ಕಾಗದ ಹಾಕುವಾಗಲೆಲ್ಲ ಆ ಐದು ಪೈಸೆ ಯಾಕೆ ಅಂತ ಗೊತ್ತಿತ್ತು.

ಈಗ ಬರ್ಡ್ ಅವರ ಹತ್ತಿರ ಬರೋಣ. ಇವರು ಎಲ್ಲದರಲ್ಲೂ ಸರಿಯಾಗಿದ್ದವರಲ್ಲ. ಯೌವನದಲ್ಲಿ ಕರಿಯರನ್ನು ದ್ವೇಷಿಸುವ ಬಿಳಿಯರ ಸಂಘಟನೆಯಾದ ಕೂ ಕ್ಲಕ್ಸ್ ಕ್ಲಾನಿನಲ್ಲಿದ್ದರು. 1964ರಲ್ಲಿ ಕರಿಯರ ನಾಗರಿಕ ಹಕ್ಕುಗಳ ಮಸೂದೆಗೆ ಅಡ್ಡ ನಿಂತರು. ಆಮೇಲೆ ಅದು ತಪ್ಪು ಅಂತ ಬಾಯಿ ಬಿಟ್ಟು ಹೇಳಿದರು. ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿಕೊಟ್ಟ ನಿರ್ಣಯಕ್ಕೂ ಮತ ಹಾಕಿದ್ದರು. ಅದಕ್ಕೂ ಪಶ್ಚಾತ್ತಾಪಪಟ್ಟರು. 2003ರ ಫೆಬ್ರವರಿ 12ಕ್ಕೆ, 85ನೇ ವಯಸ್ಸಿನಲ್ಲಿ, ಸೆನೆಟ್ಟಿನಲ್ಲಿ ಎದ್ದು ನಿಂತರು. ಯುದ್ಧ ಹೊಸಿಲಿಗೆ ಬಂದು ನಿಂತಿದೆ, ಈ ಸದನ ಮಾತ್ರ ಭಯ ಹುಟ್ಟಿಸುವಷ್ಟು ಮೌನವಾಗಿದೆ, ಚರ್ಚೆಯೇ ಇಲ್ಲ ಅಂದರು. ಈ ಭಾಗ ಎಲ್ಲರಿಗೂ ನೆನಪಿದೆ. ಅದೇ ಭಾಷಣದಲ್ಲಿ ಅವರು 5.6 ಲಕ್ಷ ಕೋಟಿಯ ಉಳಿತಾಯ ಎಲ್ಲಿ ಹೋಯಿತು ಅಂತಲೂ ಕೇಳಿದರು. ಕಣ್ಣು ಹಾಯುವಷ್ಟು ದೂರಕ್ಕೂ ಕೊರತೆಯೇ ಕಾಣುತ್ತಿದೆ ಅಂದರು. ನಡುವಿನ ಗೋಡೆ ಒಡೆದು ಎರಡು ಲೆಕ್ಕವನ್ನೂ ಒಟ್ಟಿಗೆ ಓದಿದವರು ಅವರು. ಸದನ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಫೆಬ್ರವರಿ 25ಕ್ಕೆ ಸೇನಾ ಮುಖ್ಯಸ್ಥ ಜನರಲ್ ಶಿನ್ಸೆಕಿ, ಯುದ್ಧ ಗೆದ್ದ ಮೇಲೆ ಇರಾಕಿನಲ್ಲಿ ಕೆಲವು ಲಕ್ಷ ಸೈನಿಕರು ಬೇಕಾಗಬಹುದು ಅಂದರು. ಎರಡೇ ದಿನದಲ್ಲಿ ರಕ್ಷಣಾ ಇಲಾಖೆಯ ಪಾಲ್ ವೂಲ್ಫೊವಿಟ್ಸ್, ಆ ಅಂದಾಜು ತೀರಾ ತಪ್ಪು ಅಂದರು. ಮಾರ್ಚ್ 12ಕ್ಕೆ ಪ್ರತಿನಿಧಿ ಸಭೆಯ ರಿಪಬ್ಲಿಕನ್ ನಾಯಕ ಟಾಮ್ ಡಿಲೇ, ಯುದ್ಧದ ಹೊತ್ತಿನಲ್ಲಿ ತೆರಿಗೆ ಕಡಿತಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲ ಅಂದರು. ಈ ಮಾತನ್ನು ನಾನು ಎರಡು ಸಲ ಓದಿಕೊಂಡೆ. ನೂರು ವರ್ಷದ ಪದ್ಧತಿಯನ್ನು ಒಂದೇ ಸಾಲಿನಲ್ಲಿ ತಲೆಕೆಳಗು ಮಾಡಿದ ಮಾತು ಅದು.

ಮಾರ್ಚ್ 19ರ ರಾತ್ರಿ ಬಾಂಬ್ ಬೀಳಲು ಶುರುವಾಯಿತು. 21ಕ್ಕೆ ಪ್ರತಿನಿಧಿ ಸಭೆ 72,600 ಕೋಟಿ ಡಾಲರಿನ ತೆರಿಗೆ ಕಡಿತ ಇರುವ ಬಜೆಟ್ಟನ್ನು 215ಕ್ಕೆ 212 ಮತದಿಂದ ಪಾಸು ಮಾಡಿತು. 25ಕ್ಕೆ ಬುಷ್ ಯುದ್ಧಕ್ಕೆ ಮೊದಲ ಕಂತು ಅಂತ 7,470 ಕೋಟಿ ಕೇಳಿದರು. ಅವತ್ತೇ ಸೆನೆಟ್ 51ಕ್ಕೆ 48ರಿಂದ ಕಡಿತವನ್ನು 35,000 ಕೋಟಿಗೆ ಇಳಿಸಿತು. ಅಷ್ಟಾದರೂ ಕೈ ಹಿಡಿದು ತಡೆದರಲ್ಲ ಅಂತ ನನಗೆ ಸಮಾಧಾನ ಆಗಿತ್ತು.

ಆ ವಾರ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಟಿವಿ ಸದಾ ಓಡುತ್ತಿತ್ತು. ನನ್ನ ಪಕ್ಕದ ಮೇಜಿನವರು ಐವತ್ತು ದಾಟಿದ ಅಮೆರಿಕನ್. ಒಳ್ಳೆಯ ಮನುಷ್ಯ, ನನಗೆ ಮೊದಲ ಸಲ ತೆರಿಗೆ ಫಾರಂ ತುಂಬಲು ಕಲಿಸಿದವರು. ಅವರ ಮಗ ಸೈನ್ಯದಲ್ಲಿದ್ದ, ಕುವೈತಿನಲ್ಲಿ ಇಳಿದಿದ್ದ. ಊಟದ ಡಬ್ಬಿ ಮುಚ್ಚಿಟ್ಟು ಪರದೆಯನ್ನೇ ನೋಡುತ್ತಿದ್ದರು. ಕೆಳಗೆ ಹರಿಯುವ ಪಟ್ಟಿಯಲ್ಲಿ ತೆರಿಗೆ ಮತದ ಸುದ್ದಿ ಹೋಯಿತು. ಅವರು ಹೇಳಿದ್ದು ಇಷ್ಟೇ: “ನನ್ನ ಹತ್ತಿರ ಯಾರೂ ಏನೂ ಕೇಳಲಿಲ್ಲ. ಅವನ ಹತ್ತಿರ ಎಲ್ಲ ಕೇಳಿದರು.” ಕಡ್ಡಾಯ ಸೇನೆ 1973ಕ್ಕೇ ನಿಂತಿದೆ. ಯುದ್ಧಕ್ಕೆ ಹೋಗುವುದು ಸ್ವಂತ ಇಚ್ಛೆಯಿಂದ ಸೇರಿದ ಕೆಲವು ಮನೆಗಳ ಮಕ್ಕಳು. ಉಳಿದ ಮನೆಗಳಿಗೆ ಯುದ್ಧ ತಟ್ಟುವ ದಾರಿ ತೆರಿಗೆ ಒಂದೇ ಆಗಿತ್ತು. ಅದನ್ನೂ ಮುಚ್ಚಿದ್ದರು.

1991ರಲ್ಲಿ ಇರಾಕಿನ ಮೇಲೆಯೇ ನಡೆದ ಯುದ್ಧಕ್ಕೆ ಸುಮಾರು 6,100 ಕೋಟಿ ಡಾಲರ್ ಆಗಿತ್ತು. ಅದರಲ್ಲಿ ಬಹುಪಾಲನ್ನು ಸೌದಿ, ಕುವೈತ್, ಜಪಾನ್, ಜರ್ಮನಿಯಂಥ ದೇಶಗಳೇ ಕೊಟ್ಟವು. ಈ ಸಲ ಹಾಗೆ ಪಾಲು ಕೊಡುವವರು ಇರಲಿಲ್ಲ. ಸೈನ್ಯ ಕಳಿಸಿ ಅಂತ ನಮ್ಮನ್ನೂ ಕೇಳಿದರು. ನಮ್ಮ ಲೋಕಸಭೆ ಏಪ್ರಿಲಿನಲ್ಲೇ ಯುದ್ಧದ ವಿರುದ್ಧ ನಿರ್ಣಯ ಮಾಡಿತ್ತು. ಹಿಂದಿ ಪಾಠದಲ್ಲಿ ‘ನಿಂದಾ’ ಅಂತ ಖಾರದ ಪದ, ಇಂಗ್ಲಿಷ್ ಪಾಠದಲ್ಲಿ ಸ್ವಲ್ಪ ಮೆತ್ತನೆಯದು. ಜುಲೈ 14ಕ್ಕೆ ವಾಜಪೇಯಿ ಸರ್ಕಾರ ಸೈನ್ಯ ಕಳಿಸುವುದಿಲ್ಲ ಅಂತ ತೀರ್ಮಾನಿಸಿತು. ಆ ತೀರ್ಮಾನಕ್ಕೆ ನಾನು ಇವತ್ತಿಗೂ ಕೃತಜ್ಞ.

ಮೇ 23ಕ್ಕೆ ಎರಡನೇ ತೆರಿಗೆ ಮಸೂದೆ ಸೆನೆಟ್ಟಿಗೆ ಬಂತು. 50ಕ್ಕೆ 50. ಉಪಾಧ್ಯಕ್ಷ ಡಿಕ್ ಚೇನಿ ಒಂದು ಮತ ಹಾಕಿ ಗೆಲ್ಲಿಸಿದರು. ವಿರುದ್ಧ ಮತ ಹಾಕಿದ ಮೂವರು ರಿಪಬ್ಲಿಕನ್ನರಲ್ಲಿ ಜಾನ್ ಮೆಕೇನ್ ಒಬ್ಬರು. ಅವರು ಯುದ್ಧದ ಪರವಾಗಿದ್ದವರು, ವಿಯೆಟ್ನಾಂನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು. ಯುದ್ಧ ಬೇಕು ಅನ್ನುವವರೂ ತೆರಿಗೆ ಕಡಿತ ಬೇಡ ಅನ್ನಬಹುದು ಅಂತ ಅವರು ತೋರಿಸಿಕೊಟ್ಟರು. ಅವರ ಯುದ್ಧದ ನಿಲುವು ನನಗೆ ಒಪ್ಪಿಗೆಯಿಲ್ಲ, ಆದರೆ ಲೆಕ್ಕ ಪ್ರಾಮಾಣಿಕವಾಗಿತ್ತು. ಡಿವಿಡೆಂಡ್ ತೆರಿಗೆ ಪೂರ್ತಿ ಹೋಗಲಿಲ್ಲ, ಶೇಕಡಾ 15ಕ್ಕೆ ಇಳಿಯಿತು. ಕೊರತೆ 2003ರಲ್ಲಿ 37,800 ಕೋಟಿ ಡಾಲರ್, 2004ರಲ್ಲಿ 41,300 ಕೋಟಿ. ಯುದ್ಧಕ್ಕೆ ಕಾರಣ ಅಂತ ಹೇಳಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಇರಾಕಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಯುದ್ಧಕ್ಕೆ ಸಂಸತ್ತು ಕೊಟ್ಟ ದುಡ್ಡು ಕೊನೆಗೆ 80,000 ಕೋಟಿ ದಾಟಿತು. ಮನೆಗೆ ಕಳಿಸಿದ ಲಿಂಡ್ಸೆ ಹೇಳಿದ ದೊಡ್ಡ ಅಂಕಿಯ ನಾಲ್ಕು ಪಟ್ಟು. ಅಮೆರಿಕದ ಸುಮಾರು 4,500 ಸೈನಿಕರು ಸತ್ತರು. ಇರಾಕಿನವರು ಲಕ್ಷಗಟ್ಟಲೆ.

ಕೊನೆಗೆ ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. 2003ರ ಕಾನೂನಿನಲ್ಲಿ ಮಕ್ಕಳಿರುವ ಮನೆಗಳಿಗೆ ಒಂದೊಂದು ಮಗುವಿಗೂ 400 ಡಾಲರ್‌ವರೆಗೆ ಚೆಕ್ ಇತ್ತು. ಮಸೂದೆಯನ್ನು 35,000 ಕೋಟಿಯ ಮಿತಿಯೊಳಗೆ ಕೂರಿಸಲು ಕಡೇ ಗಳಿಗೆಯಲ್ಲಿ ಕೆಲವನ್ನು ಕತ್ತರಿಸಿದರು. ಡಿವಿಡೆಂಡಿನ ಭಾಗ ಉಳಿಯಿತು. ವರ್ಷಕ್ಕೆ 10,500ರಿಂದ 26,625 ಡಾಲರ್ ದುಡಿಯುವ ಮನೆಗಳಿಗೆ ಹೋಗಬೇಕಿದ್ದ ಹೆಚ್ಚಳ ಬಿದ್ದುಹೋಯಿತು. ಸಾಮಾನ್ಯ ಸೈನಿಕನ ಸಂಬಳವೂ ಅಷ್ಟರೊಳಗೇ ಬರುತ್ತಿತ್ತು. ವಿಷಯ ಹೊರಗೆ ಬಂದಾಗ ಸೆನೆಟ್ 94ಕ್ಕೆ 2ರಿಂದ ಸರಿಪಡಿಸಲು ಹೊರಟಿತು. ಪ್ರತಿನಿಧಿ ಸಭೆಯಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಸರಿಹೋಗುವಷ್ಟರಲ್ಲಿ ಮರುವರ್ಷದ ಅಕ್ಟೋಬರ್ ಬಂದಿತ್ತು. ಆ ಬೇಸಿಗೆಯಲ್ಲಿ ನಮ್ಮ ಬೀದಿಗೆ ಚೆಕ್ಕುಗಳು ಬಂದವು. ಪಕ್ಕದ ಮೇಜಿನವರ ಸೊಸೆ ಎರಡು ಮಕ್ಕಳನ್ನು ಕಟ್ಟಿಕೊಂಡು ಸೇನಾ ನೆಲೆಯ ಮನೆಯಲ್ಲಿದ್ದಳು. ಗಂಡ ಬಾಗ್ದಾದಿನಲ್ಲಿದ್ದ. ಅಂಚೆ ಡಬ್ಬಿಯನ್ನು ದಿನಾ ತೆಗೆದು ನೋಡುತ್ತಿದ್ದಳಂತೆ, ಅವನ ಕಾಗದಕ್ಕೂ, ಆ ಚೆಕ್ಕಿಗೂ. ಕಾಗದ ಮಾತ್ರ ಬರುತ್ತಿತ್ತು.